ಡೈನೋಸಾರ್ ಮೂಸುವ ಮಾಸ್ತರ

ನಮ್ಮ ಕಡೆಯ ಅಂಗಡಿಗಳಲ್ಲಿ ನೇತುಹಾಕಿದ ಡೈನೋಸಾರ್‌ಗಳನ್ನು ನೋಡಿದರೆ ನನಗೆ ವಾಕರಿಕೆ ಬರುತ್ತದೆ. ಟೈರನೋಸಾರಸ್‌ನ ಒಂದೊಂದು ಕೈಗೆ ಎರಡೇ ಬೆರಳು ಎಂದು ಒಂಬತ್ತನೆಯ ತರಗತಿಗೆ ಪಾಠ ಹೇಳಿ ಹೊರಬಂದರೆ, ರಾಯಚೂರು ಬಸ್ ಸ್ಟ್ಯಾಂಡಿನ ಎದುರು ಐದು ಬೆರಳಿನದೊಂದು ಗಾಳಿಗೆ ತೂಗಾಡುತ್ತಿರುತ್ತದೆ, ಉಗುರಿಗೆ ಕೆಂಪು ಬಣ್ಣ ಬೇರೆ. ಮೂರು ಕೊಂಬಿರಬೇಕಾದ ಟ್ರೈಸೆರಾಟಾಪ್ಸ್‌ಗೆ ಎಮ್ಮೆಗಿರುವಂತೆ ಎರಡೇ ಕೊಂಬು. ಬೆನ್ನ ಮೇಲೆ ಅಚ್ಚಿನ ಗೆರೆ, ಹೊಟ್ಟೆಯಲ್ಲಿ ತೂತು, ತೂತಿನಲ್ಲೊಂದು ಪೀಪಿ. ಒತ್ತಿದರೆ ಅಷ್ಟು ದೊಡ್ಡ ಪ್ರಾಣಿ ಇಲಿಮರಿಯ ಹಾಗೆ ಕುಂಯ್ ಅನ್ನುತ್ತದೆ. ಇದನ್ನು ಮಾಡಿದವನಿಗೆ ಒಂದು ಚಿತ್ರ ತೆಗೆದು ನೋಡುವಷ್ಟೂ ಪುರುಸೊತ್ತು ಇರಲಿಲ್ಲವೇ?

ಆಕ್ಷನ್ ಫಿಗರ್ ಎನ್ನುವ ವೀರರ ಗೊಂಬೆಗಳದು ಇನ್ನೂ ಅಸಹ್ಯ. ಎದೆಯೇನೋ ಪೈಲ್ವಾನನದು, ಮೊಣಕಾಲು ಮಾತ್ರ ಕೋಳಿಯದರ ಹಾಗೆ ತಿರುಗಾಮುರುಗಾ ಮಡಚಿಕೊಳ್ಳುತ್ತದೆ. ಕಣ್ಣಿನ ಬಣ್ಣ ಹಣೆಯ ಮೇಲೆ ಬಿದ್ದಿರುತ್ತದೆ. ಒಬ್ಬ ವೀರನ ಕೈಹಿಡಿದು ಎತ್ತಿದೆ, ಕೈ ನನ್ನ ಹತ್ತಿರ ಉಳಿಯಿತು, ವೀರ ನೆಲಕ್ಕೆ ಹೋದ. ಇಂಥವುಗಳನ್ನೇ ನಾನು ಮದುವೆಗೂ ಮುಂಚಿನಿಂದ ಕೂಡಿಹಾಕುತ್ತ ಬಂದಿದ್ದೇನೆ. ಒಳ್ಳೆಯವು ಗಾಜಿನ ಬೀರುವಿನಲ್ಲಿ, ಕೆಟ್ಟವು ಮಂಚದ ಕೆಳಗೆ. ಮಂಚದ ಕೆಳಗಿನ ಸಂಸಾರವೇ ದೊಡ್ಡದು.

"ಕಸಬರಗಿ ಒಳಗ ಹೋಗಾಂಗಿಲ್ಲ. ನಿಮ್ಮ ಬಳಗ ನನ್ನ ತವರ ಬಳಗಕ್ಕಿಂತ ಹೆಚ್ಚಾಗೇದ ನೋಡ್ರಿ," ಎಂದು ಹೆಂಡತಿ ದಿನಾ ಬೆಳಿಗ್ಗೆ ಗೊಣಗುತ್ತಾಳೆ.

ಈ ಸಿಟ್ಟನ್ನು ಮನೆಯಲ್ಲೇ ಕಕ್ಕುವುದಕ್ಕಿಂತ ನಾಲ್ಕು ಜನರ ಮುಂದೆ ಕಕ್ಕೋಣ ಎಂದು ಕೆಲವು ವರ್ಷಗಳ ಹಿಂದೆ ಫೋನಿನಲ್ಲಿ ವಿಡಿಯೋ ಮಾಡತೊಡಗಿದೆ. ಆಟಿಕೆಯನ್ನು ಮೇಜಿನ ಮೇಲಿಟ್ಟು, ಬೆರಳು ಎಣಿಸಿ, ಹಲ್ಲು ಎಣಿಸಿ, ಬಣ್ಣ ಉಗುರಿನಿಂದ ಕೆರೆದು ಬೈಯುವುದು. ಆದರೆ ಜನ ನೋಡಲು ಬರುತ್ತಿದ್ದದ್ದು ಬೆರಳೆಣಿಕೆಗಲ್ಲ, ನನ್ನ ಮೂಗಿಗೆ.

ಅದು ನನ್ನ ಅಪ್ಪನ ವಿದ್ಯೆ. ಅವರು ರಾಯಚೂರಿನ ಒಂದು ರೈಸ್ ಮಿಲ್ಲಿನಲ್ಲಿ ಅಕ್ಕಿ ಪರೀಕ್ಷೆ ಮಾಡುವ ಕೆಲಸದಲ್ಲಿದ್ದರು. ಚೀಲಕ್ಕೆ ಕೊಳವೆ ಚುಚ್ಚಿ ಒಂದು ಹಿಡಿ ತೆಗೆದು, ಎರಡೂ ಅಂಗೈಗಳ ನಡುವೆ ಮುಚ್ಚಿ, ಹೆಬ್ಬೆರಳುಗಳ ಸಂದಿಯಿಂದ ಒಳಗೆ ಬಿಸಿ ಉಸಿರು ಬಿಟ್ಟು, ಒಂದು ಕ್ಷಣ ತಡೆದು ಮೂಸುತ್ತಿದ್ದರು. ಬಿಸಿಗೆ ಒಳಗಿನ ಮುಗ್ಗಲು ವಾಸನೆ ಎದ್ದು ಬರುತ್ತದೆ. ಕಣ್ಣಿಗೆ ಮಲ್ಲಿಗೆಯಂತೆ ಕಂಡ ಅಕ್ಕಿ ಎಷ್ಟೋ ಸಲ ಅವರ ಅಂಗೈಯಲ್ಲಿ ಸಿಕ್ಕಿಬಿದ್ದದ್ದನ್ನು ನಾನೇ ನೋಡಿದ್ದೇನೆ.

ಅದನ್ನೇ ನಾನು ಪ್ಲಾಸ್ಟಿಕ್ಕಿಗೆ ಹಚ್ಚಿದೆ. ಡೈನೋಸಾರನ್ನು ಅಂಗೈಯಲ್ಲಿ ಮುಚ್ಚಿ, ಉಸಿರು ಬಿಟ್ಟು, ಮೂಸಿ, ಬಂದದ್ದು ಬಂದ ಹಾಗೆ ಹೇಳುವುದು. ಇದು ಸೀಮೆಎಣ್ಣೆ. ಇದು ಮಳೆಯಲ್ಲಿ ನೆನೆದ ಹೊಸ ಚಪ್ಪಲಿ. ಇದು ಕೊಳೆತ ಪೇರಲಹಣ್ಣು, ಅದರ ಮೇಲೆ ಯಾರೋ ಫಿನೈಲ್ ಸುರಿದಿದ್ದಾರೆ. ಇಂಥದ್ದನ್ನು ಮಗುವಿನ ಬಾಯಿಗೆ ಕೊಡಬೇಡಿ, ಹಾಸಿಗೆಗೆ ತರಬೇಡಿ. ಅಷ್ಟು ಹೇಳಿ ಮುಖ ಕಿವುಚಿದರೆ ಸಾಕು, ಜನಕ್ಕೆ ಖುಷಿ. ಮಾನ್ವಿ ಬಸ್ಸಿನಲ್ಲಿ ಒಮ್ಮೆ ಯಾರೋ ಗುರುತು ಹಿಡಿದು, "ಮೂಸೋ ಮಾಸ್ತರ್ ಅಲ್ರೀ ನೀವು?" ಎಂದು ಎದ್ದು ಸೀಟು ಕೊಟ್ಟರು. ನಾನು ನಾಚಿಕೆಯಿಲ್ಲದೆ ಕೂತೆ.

ದೇವದುರ್ಗದ ಒಬ್ಬ ಅಂಗಡಿಯವರ ಪರಿಚಯವಾದದ್ದೂ ಈ ವಿಡಿಯೋಗಳಿಂದಲೇ. ಅರವತ್ತು ದಾಟಿದ ಮನುಷ್ಯ. ಅಂಗಡಿಯ ಒಂದು ಮಗ್ಗುಲಿಗೆ ಆಟಿಕೆ, ಇನ್ನೊಂದು ಮಗ್ಗುಲಿಗೆ ಅತ್ತರು. ಬಂದವರ ಮುಂಗೈಗೆಲ್ಲ ಅತ್ತರು ಹಚ್ಚಿ ಹಚ್ಚಿ ಅವರ ಮೂಗು ಬೇರೇನನ್ನೂ ಒಪ್ಪುತ್ತಿರಲಿಲ್ಲ. "ನನಗ ಎಲ್ಲಾದ್ರಾಗೂ ಗುಲಾಬಿನ ಬರ್ತದ ಮಾಸ್ತರ್ರೇ. ನೀವು ಮೂಸಿ ಹ್ಞೂಂ ಅಂದ್ರ ಮಾಲು ಇಡ್ತೀನಿ, ಇಲ್ಲಾಂದ್ರ ವಾಪಸ್," ಎಂದರು. ಹೊಸ ಮಾಲು ಬಂದಾಗಲೆಲ್ಲ ಒಂದನ್ನು ಬಸ್ಸಿನಲ್ಲಿ ನನಗೆ ಕಳಿಸುವರು. ನಾನು ಹ್ಞೂಂ ಅಂದವುಗಳನ್ನು ಎದುರಿನ ಹಲಗೆಯ ಮೇಲೆ ಬೇರೆಯಾಗಿ ಜೋಡಿಸಿ, "ಇವು ರಾಯಚೂರು ಮಾಸ್ತರ ಮೂಸ್ಯಾರ" ಎಂದು ಗಿರಾಕಿಗಳಿಗೆ ಹೇಳಿ ಮಾರುವರು. ಕಳಿಸಿದ ಗೊಂಬೆ ನನಗೇ. ಗಾಜಿನ ಬೀರುವಿನ ಕೆಳಗಿನ ಸಾಲು ಪೂರ್ತಿ ಅವರದೇ ಉಪಕಾರ.

ಹೋದ ಚಳಿಗಾಲದಲ್ಲಿ ನನಗೊಂದು ಜ್ವರ ಬಂತು. ವಾರದಲ್ಲಿ ಇಳಿಯಿತು, ಎದ್ದು ಓಡಾಡಿದೆ. ಒಂದು ಬೆಳಿಗ್ಗೆ ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಒಂದು ಸ್ಟೆಗೊಸಾರಸ್‌ನ ಬಾಲ ಅಂಟಿಸುತ್ತಿದ್ದೆ. ಹೆಂಡತಿ ಹಿತ್ತಲಿನಿಂದ ಓಡಿ ಬಂದಳು.

"ಹಾಲು ಹೊತ್ತಿ ಓಣಿ ತುಂಬ ಕಮಟು ಎದ್ದದ, ಒಲಿ ಪಕ್ಕದಾಗ ಕುಂತೀರಿ, ಗೊತ್ತಾಗಲಿಲ್ಲೇನ್ರೀ?"

ನೋಡಿದರೆ ಪಾತ್ರೆಯ ತಳ ಕರ್ರಗಾಗಿತ್ತು. ನಾನು ಅದನ್ನು ಮೂಗಿನ ಹತ್ತಿರ ತಂದು ಉಸಿರು ಎಳೆದೆ. ಏನೂ ಇಲ್ಲ. ಹಿಂಗಿನ ಡಬ್ಬಿ ತೆರೆದೆ, ಏನೂ ಇಲ್ಲ. ಮಂಚದ ಕೆಳಗಿನಿಂದ ಅತಿ ಹೇಸಿಗೆಯ ಒಂದು ಡೈನೋಸಾರನ್ನು, ಯಾವುದನ್ನು ನೆನೆದರೇ ವಾಕರಿಕೆ ಬರುತ್ತಿತ್ತೋ ಅದನ್ನು, ಅಂಗೈಯಲ್ಲಿ ಮುಚ್ಚಿ ಉಸಿರು ಬಿಟ್ಟು ಮೂಸಿದೆ. ನೀರಿನ ಲೋಟ ಮೂಸಿದ ಹಾಗಿತ್ತು. ಡಾಕ್ಟರು, ಬಂದರೂ ಬರಬಹುದು, ಕಾದು ನೋಡಿ ಎಂದರು. ಎಷ್ಟು ದಿನ ಎಂದು ಕೇಳಿದ್ದಕ್ಕೆ ಮುಂದಿನ ರೋಗಿಯನ್ನು ಕರೆದರು.

ಆಗಲೇ ಹೇಳಿಬಿಡಬಹುದಿತ್ತು. ವಿಡಿಯೋ ನೋಡುವವರಿಗೆ ಒಂದು ಮಾತು, ದೇವದುರ್ಗಕ್ಕೆ ಒಂದು ಫೋನು, ಮುಗಿದೇಹೋಗುತ್ತಿತ್ತು. ಹೆಂಡತಿ ಅದಕ್ಕಿಂತ ಸುಲಭದ ದಾರಿ ತೋರಿಸಿದಳು. "ನಾ ಮೂಸಿ ಹೇಳ್ತೀನಿ ತಗೋರಿ. ವಿಡಿಯೋದಾಗ ನಮ್ಮ ಮನಿಯಾಕಿ ಮೂಸ್ಯಾಳ ಅಂತ ಹೇಳ್ರಿ, ಏನಾತು?" ಏನಾಯಿತು! ನನ್ನ ವಿದ್ಯೆ, ನನ್ನ ಹೆಸರು, ನನ್ನ ಬಸ್ಸಿನ ಸೀಟು. "ನಿನಗ ಅದೆಲ್ಲಾ ತಿಳಿಯಾಂಗಿಲ್ಲ," ಎಂದೆ. ಮನೆಯಲ್ಲಿ ಅಕ್ಕಿ, ಬೇಳೆ, ತುಪ್ಪ ಎಲ್ಲವನ್ನೂ ಮೂಸಿ ತರುವವಳು ಅವಳು. ಅವಳಿಗೆ ತಿಳಿಯುವುದಿಲ್ಲ ಎಂದ ನನ್ನ ಬಾಯನ್ನು ನೆನೆದರೆ ಈಗಲೂ ಹೇಸಿಗೆಯಾಗುತ್ತದೆ.

ಮುಂದಿನ ವಿಡಿಯೋದಲ್ಲಿ ನಾನು ನಟಿಸಿದೆ. ಅಂಗೈ ಮುಚ್ಚಿದೆ, ಉಸಿರು ಬಿಟ್ಟೆ, ಕಣ್ಣು ಮುಚ್ಚಿದೆ, "ಹಳೆಯ ಟೈರು" ಎಂದೆ. ಜನ ನಕ್ಕರು, ಹೊಗಳಿದರು. ಒಬ್ಬರಿಗೂ ಸಂಶಯ ಬರಲಿಲ್ಲ. ಆಮೇಲೆ ಕೈಗೆ ಅಂಟಿದರೆ ಕೆಟ್ಟದ್ದು, ಅಂಟದಿದ್ದರೆ ಒಳ್ಳೆಯದು ಎಂದು ಒಂದು ಲೆಕ್ಕ ಹಾಕಿಕೊಂಡೆ. ಬೈಗುಳ ಮಾತ್ರ ಮೊದಲಿಗಿಂತ ಚೆನ್ನಾಗಿ ಬರತೊಡಗಿತು. ಮೂಗಿದ್ದಾಗ ಮೂಗಿಗೆ ಬಂದಷ್ಟೇ ಹೇಳಬೇಕಿತ್ತು, ಈಗ ಬಾಯಿಗೆ ಬಂದದ್ದೆಲ್ಲ ಹೇಳಬಹುದಲ್ಲ. ಐದು ಬೆರಳಿನ ಟೈರನೋಸಾರಸ್ ಮಾಡಿದವನನ್ನು ಇಷ್ಟು ವರ್ಷ ಬೈದೆ. ಅವನಾದರೂ ಪ್ಲಾಸ್ಟಿಕ್ಕನ್ನು ಪ್ಲಾಸ್ಟಿಕ್ಕೆಂದೇ ಮಾರಿದ.

ಬೇಸಿಗೆ ಮುಗಿಯುವ ಹೊತ್ತಿಗೆ ದೇವದುರ್ಗದಿಂದ ಒಂದು ಹೊಸ ಮಾಲು ಬಂತು. ಉದ್ದ ಕತ್ತಿನ ಹಸಿರು ಬ್ರಾಕಿಯೊಸಾರಸ್, ಹಿಚುಕಿದರೆ ಮೆತ್ತಗೆ, ಕಾಲ್ಬೆರಳುಗಳು ಸರಿಯಾಗಿದ್ದವು, ಬಣ್ಣ ಕೆರೆದರೂ ಏಳಲಿಲ್ಲ. ಇಷ್ಟು ಅಚ್ಚುಕಟ್ಟಾದದ್ದು ನಮ್ಮ ಕಡೆ ಬರುವುದೇ ಅಪರೂಪ. ಮನೆಗೆ ಒಯ್ದರೆ ಹೆಂಡತಿಯ ಮುಂದೆ ನಾಟಕ ಆಡಬೇಕು, ಅವಳು ನನ್ನನ್ನು ನೋಡುತ್ತ ನಿಲ್ಲುತ್ತಾಳೆ. ಅದಕ್ಕೆ ಶಾಲೆಯ ಪ್ರಯೋಗಾಲಯದಲ್ಲೇ ಬಿಚ್ಚಿದೆ. ಅಲ್ಲಿ ಮೊದಲೇ ನೂರೆಂಟು ವಾಸನೆ, ಬಂದುಹೋಗುವವರು ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಅಂಗೈಗೆ ಅಂಟಲಿಲ್ಲ. ದೇವದುರ್ಗಕ್ಕೆ ಫೋನು ಮಾಡಿ, "ಛಲೋ ಅದರಿ, ಏನೂ ವಾಸನಿ ಇಲ್ಲ, ಸಣ್ಣ ಹುಡುಗರಿಗೂ ಕೊಡಬಹುದು," ಎಂದೆ. ವಾಸನೆ ಇಲ್ಲ ಎನ್ನುವುದು ನನ್ನ ಮಟ್ಟಿಗೆ ನಿಜವೇ ಆಗಿತ್ತು ಎಂದು ಆಮೇಲೆ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಎಂಥ ಹೊಲಸು ಸಮಾಧಾನ.

ಎರಡು ವಾರದ ನಂತರ ಅವರದೇ ಫೋನು ಬಂತು. ಬೈಯಲಿಲ್ಲ. "ಐತವಾರ ಬಿಡುವಿದ್ರ ಒಂದು ಸಲ ಬಂದು ಹೋಗ್ರಿ ಮಾಸ್ತರ್ರೇ," ಎಂದಷ್ಟೇ ಹೇಳಿದರು.

ಹಸಿರು ಗೊಂಬೆಯದೇ ತಕರಾರು ಎಂದು ಊಹಿಸಿ, ಬಸ್ಸಿನಲ್ಲಿ ಗಬ್ಬೂರು ದಾಟುವವರೆಗೂ ನನ್ನ ವಾದ ಜೋಡಿಸಿಕೊಳ್ಳುತ್ತಿದ್ದೆ. ನನಗೆ ಕಳಿಸಿದ್ದು ಬೇರೆ, ಮಾರಿದ್ದು ಬೇರೆ ಇರಬೇಕು. ಬಿಸಿಲಿಗೆ ಪ್ಲಾಸ್ಟಿಕ್ಕು ಕೆಟ್ಟಿರಬೇಕು. ಅತ್ತರಿನ ಜೊತೆ ಇಟ್ಟದ್ದು ಅವರದೇ ತಪ್ಪು. ದೇವದುರ್ಗ ಬರುವ ಹೊತ್ತಿಗೆ ಆ ಮುದುಕರ ಮೇಲೆ ನನಗೆ ಸಿಟ್ಟೂ ಬಂದಿತ್ತು.

ಅಂಗಡಿಯಲ್ಲಿ ಅವರು ಎದ್ದು ಸ್ಟೂಲು ಕೊಟ್ಟರು, ಚಹಾ ತರಿಸಿದರು. ಆಮೇಲೆ ಹಿಂದಿನ ಕೋಣೆಗೆ ಕರೆದೊಯ್ದರು. ಬಾಗಿಲು ತೆರೆಯುವ ಮುಂಚೆ ಹೆಗಲ ಮೇಲಿನ ದಸ್ತಿಯನ್ನು ಮೂಗಿಗೆ ಒತ್ತಿಕೊಂಡರು. ಒಳಗೆ ರಟ್ಟಿನ ಡಬ್ಬಗಳಲ್ಲಿ ಹಸಿರು ಕತ್ತುಗಳು ಎದ್ದು ನಿಂತಿದ್ದವು, ಮಾರಿದವು ಬಹುತೇಕ ವಾಪಸು ಬಂದಿದ್ದವು. ಮಕ್ಕಳು ರಾತ್ರಿ ಬಗಲಿಗೆ ಇಟ್ಟುಕೊಂಡು ಮಲಗಿದ್ದರಂತೆ, ಮೈಬಿಸಿಗೆ ವಾಸನೆ ಎದ್ದು ಬೆಳಿಗ್ಗೆ ತಲೆನೋವು, ವಾಂತಿ. ಗಿರಾಕಿಗಳು ಬಂದು ಗಲ್ಲಾದ ಮೇಲೆ ಎಸೆದು ಹೋಗಿದ್ದರು. ಪಕ್ಕದ ಅಂಗಡಿಯವರೊಬ್ಬರು ನಮ್ಮ ಹಿಂದೆ ಇಣುಕಿ, ಮೂಗು ಹಿಡಿದುಕೊಂಡು ಹಾಗೇ ತಿರುಗಿ ಹೋದರು.

ನಾನು ಮಾತ್ರ ನಟ್ಟನಡುವೆ ನಿಂತು, ಒಂದನ್ನು ಕೈಗೆತ್ತಿಕೊಂಡು, ಬಿಸಿಲಿನ ವಾದ ಶುರುಮಾಡಿದೆ. ನಾಲ್ಕು ಮಾತು ಆಡಿರಬೇಕು. ಅವರು ನನ್ನ ಮಾತು ಕೇಳುತ್ತಿರಲಿಲ್ಲ, ಮುಖ ನೋಡುತ್ತಿದ್ದರು. ಅತ್ತರಿನಿಂದ ಸತ್ತುಹೋದ ಮೂಗಿನ ಅವರೇ ದಸ್ತಿಯ ಹಿಂದೆ ಕಣ್ಣಲ್ಲಿ ನೀರು ತಂದುಕೊಂಡಿದ್ದರು. ನಾನು ಊಟಕ್ಕೆ ಕರೆದವರ ಮನೆಯಲ್ಲಿ ನಿಂತಂತೆ ಆರಾಮಾಗಿ ಉಸಿರಾಡುತ್ತಿದ್ದೆ.

"ಮಾಸ್ತರ್ರೇ," ಎಂದರು ಮೆಲ್ಲಗೆ, "ನಿಮಗ ವಾಸನಿ ಬರಾಂಗಿಲ್ಲೇನು?"

ನಾನು ಗೊಂಬೆ ಕೆಳಗಿಟ್ಟೆ.

"ಯಾವಾಗಿಂದ?"

"ಚಳಿಗಾಲದಿಂದ."

ಅವರು ನನ್ನನ್ನು ಹೊರಗೆ ಕರೆತಂದು ಬಾಗಿಲು ಎಳೆದುಕೊಂಡರು. "ಒಂದು ಮಾತು ಅಂದಿದ್ರ ಆಗ್ತಿತ್ತಲ್ರೀ. ನಮ್ಮ ಮನಿಯಾಗ ಮೂಗಿಲ್ಲೇನು, ಯಾರರೆ ಮೂಸ್ತಿದ್ರು. ನಾ ಮಂದಿಗೆ ನಿಮ್ಮ ಹೆಸರು ಹೇಳೀನಿ," ಎಂದರು. ಕೂಗಾಡಿದ್ದರೆ ನಾನೂ ಕೂಗಾಡಿ ಬದುಕಿಕೊಳ್ಳುತ್ತಿದ್ದೆ. ಹೋಗಿ ಸ್ಟೂಲಿನ ಮೇಲೆ ಕೂತೆ. ಚಹಾ ಆರಿಹೋಗಿತ್ತು.

ಅಷ್ಟರಲ್ಲಿ ಒಬ್ಬ ಹೆಣ್ಣುಮಗಳು ಒಳಗೆ ಬಂದಳು. ಮಾನ್ವಿಯವಳು, ದೇವದುರ್ಗ ತವರು. ಬಿಗಿಯಾಗಿ ಗಂಟು ಹಾಕಿದ ಪ್ಲಾಸ್ಟಿಕ್ ಚೀಲವನ್ನು ಗಲ್ಲಾದ ಮೇಲಿಟ್ಟಳು, ಒಳಗೆ ಹಸಿರು ಕತ್ತು ಕಾಣುತ್ತಿತ್ತು. "ಎರಡು ದಿನ ನನ್ನ ಮಗಳ ಹೊಟ್ಟ್ಯಾಗ ನೀರು ನಿಲ್ಲಲಿಲ್ಲರಿ. ಈಗ ಆರಾಮ ಅದಾಳ. ಇದರ ಬದ್ಲಿ ಮತ್ತೊಂದು ಕೊಡ್ರಿ, ಇಲ್ಲಾಂದ್ರ ಅಳ್ತಾಳ," ಎಂದಳು. ಅಂಗಡಿಯವರು ಒಂದು ಸಣ್ಣ ಹಳದಿ ಡೈನೋಸಾರ್ ತೆಗೆದುಕೊಟ್ಟರು. ಆಗ ಅವಳು ನನ್ನನ್ನು ನೋಡಿದಳು, ಮುಖ ಅರಳಿತು.

"ಅಯ್ಯ, ವಿಡಿಯೋದವರು! ಛಲೋ ಆತು, ನೀವೇ ಅದೀರಿ. ಇದನ್ನರೆ ಮೂಸಿ ಹೇಳ್ರಿ ಸರ್."

ಗೊಂಬೆಯನ್ನು ನನ್ನ ಕೈಗೇ ಇಟ್ಟಳು. ಅಂಗಡಿಯವರು ಅತ್ತರಿನ ಸೀಸೆಗಳ ಕಡೆ ಮುಖ ತಿರುಗಿಸಿದರು. ನನ್ನ ಗುಟ್ಟನ್ನು ಅವರು ಬಿಟ್ಟುಕೊಡುತ್ತಿರಲಿಲ್ಲ, ಅಷ್ಟು ದೊಡ್ಡವರು. ನನ್ನ ಕೈಗಳು ರೂಢಿಯಿಂದ ತಾವೇ ಮುಚ್ಚಿಕೊಂಡವು, ಬಿಸಿ ಉಸಿರೂ ಅವುಗಳೊಳಗೆ ಹೋಯಿತು. ಮೂಗಿಗೆ ಹಿಡಿದೆ. ಅವಳು ನನ್ನ ಮುಖವನ್ನು, ಡಾಕ್ಟರ ಮುಖ ನೋಡುವ ಹಾಗೆ, ನೋಡುತ್ತಿದ್ದಳು.

"ನನಗ ವಾಸನಿ ಬರಾಂಗಿಲ್ಲವ್ವಾ," ಎಂದೆ. "ಭಾಳ ದಿನ ಆತು. ಆ ಹಸರು ಗೊಂಬಿನೂ ನಾ ಮೂಸಿಲ್ಲ. ಮೂಸಿದಂಗ ಮಾಡಿ ಛಲೋ ಅದ ಅಂದಿದ್ದೆ."

ಅವಳು ಬೈಯುತ್ತಾಳೆ ಎಂದು ಕಾದೆ. ಬೈಯಲಿಲ್ಲ. ನನ್ನ ಕೈಯಿಂದ ಗೊಂಬೆ ಕಿತ್ತುಕೊಂಡು, ನನ್ನ ಉಸಿರು ತಾಗಿದ ಜಾಗವನ್ನೆಲ್ಲ ಸೆರಗಿನಿಂದ ಗಸಗಸ ಒರೆಸಿದಳು. ಹಿಂದೆ, ಮುಂದೆ, ಕಾಲಿನ ಸಂದಿ. ಆಮೇಲೆ ತಾನೇ ಮೂಗಿಗೆ ಹಿಡಿದಳು.

"ಇದು ನಾರಾಂಗಿಲ್ಲ," ಎಂದು ಅಂಗಡಿಯವರಿಗೆ ಹೇಳಿದಳು.

"ಇನ್ನೂ ನಾಕು ನಮೂನಿ ಬಂದಾವ ಯವ್ವಾ. ಅವನ್ನೂ ಸ್ವಲ್ಪ ನೋಡಿ ಹೇಳ್ತಿಯೇನು?" ಎಂದು ಅವರು ಕೇಳಿದರು.

ಅವಳು ಹ್ಞೂಂ ಎಂದು ಕೂರಲು ಜಾಗ ಹುಡುಕಿದಳು. ಅಂಗಡಿಯಲ್ಲಿ ಇದ್ದದ್ದು ಒಂದೇ ಸ್ಟೂಲು. ನಾನು ಎದ್ದುಕೊಟ್ಟೆ.