ಚಂಪಾ ಯಾಕೆ ಉಣ್ಣಲಿಲ್ಲ

ನರಸಿಂಹಮೂರ್ತಿಯವರು ಕೋಲ್ಕತ್ತದ ಒಂದು ಸರ್ಕಾರಿ ಕಚೇರಿಯಲ್ಲಿ ವಿಚಾರಣಾಧಿಕಾರಿಯಾಗಿದ್ದವರು. ಅವರ ಕೈಗೆ ಬಂದ ಕಡತ ತಪ್ಪಿತಸ್ಥನಿಲ್ಲದೆ ಮುಚ್ಚಿದ್ದೇ ಇಲ್ಲ. ಕಳ್ಳ ಸಿಗದಿದ್ದರೆ ಕಾವಲುಗಾರನಾದರೂ ಸಿಗುತ್ತಿದ್ದ. ಇಂಥ ಪುಣ್ಯಾತ್ಮರು ನಿವೃತ್ತರಾದ ಮೇಲೆ ಸದರ್ನ್ ಅವೆನ್ಯೂ ಬಳಿಯ ಕನ್ನಡ ಕೂಟದಲ್ಲಿ ಭಾನುವಾರ ಮಕ್ಕಳಿಗೆ ಪಾಠ ಹೇಳತೊಡಗಿದರು. ಅಂದಿನ ಪಾಠ, ಹಿಂದೆ ಯುರೋಪಿನಲ್ಲಿ ಹೆಂಗಸರನ್ನು ಮಾಟಗಾತಿಯರೆಂದು ಹಿಡಿದು ಕೊಂದ ಕಥೆ. ಕಂಡವರ ಮೇಲೆ ಗೂಬೆ ಕೂರಿಸಬಾರದೆಂದು ಕಲಿಸಲು ಅವರಿಗಿಂತ ಅನುಭವಸ್ಥರು ಎಲ್ಲಿ ಸಿಗಬೇಕು?

“ಕೈಕಾಲು ಕಟ್ಟಿ ನೀರಿಗೆ ಹಾಕ್ತಿದ್ರು. ತೇಲಿದ್ರೆ ಮಾಟಗಾತಿ. ಮುಳುಗಿದ್ರೆ ಪಾಪ, ಒಳ್ಳೆಯವಳು,” ಎಂದರು. ಮಕ್ಕಳು ಬಾಯಿ ಬಿಟ್ಟುಕೊಂಡು ಕೇಳಿದರು. ಖುಷಿಯಾದ ಮೇಷ್ಟ್ರು ಗೇಟಿನ ಬಳಿ ಎಲ್ಲರಿಗೂ ಫುಚ್ಕಾ, ಅಂದರೆ ಅಲ್ಲಿನ ಪಾನಿಪುರಿ, ಕೊಡಿಸಿ, ಮನೆಯಲ್ಲಿ ಹೇಳುವುದಿಲ್ಲವೆಂದು ಅವರಿಂದ ಮಾತು ತೆಗೆದುಕೊಂಡರು. ಆಮೇಲೆ ಕೂಟದ ವಾರ್ಷಿಕೋತ್ಸವದ ಊಟವೂ ಆಯಿತು. ಸಂಜೆಗೆ ಮಕ್ಕಳಿಗೆಲ್ಲ ವಾಂತಿ.

ಮುಂದಿನ ಭಾನುವಾರ ಸಭೆ ಸೇರಿತು. ಅದೇ ಊಟ ಉಂಡ ದೊಡ್ಡವರೆಲ್ಲ ಗುಂಡುಕಲ್ಲಿನ ಹಾಗೆ ಕೂತಿದ್ದರು, ಆದರೆ ಅದು ಯಾರ ಗಮನಕ್ಕೂ ಬರಲಿಲ್ಲ. ಎತ್ತಿಗೆ ಜ್ವರ ಬಂದಿತ್ತು, ಎಮ್ಮೆ ಬೇಕಾಗಿತ್ತು. ಅಡುಗೆಯ ಚಂಪಾ ಸಿಕ್ಕಳು. ಧಾರವಾಡದ ಕಡೆಯ ಒಂಟಿ ಹೆಂಗಸು. ಕೂಟದ ಹಿಂದಿನ ಕೋಣೆಯೇ ಮನೆ. ಕೆಲಸ ಹೋದರೆ ಸೂರೂ ಹೋದ ಹಾಗೆ.

ಅಧ್ಯಕ್ಷ ಮಾದಪ್ಪನವರು ವಿಚಾರಣೆಯನ್ನು ಮೇಷ್ಟ್ರಿಗೇ ಒಪ್ಪಿಸಿದರು. ಹಳೇ ಕುರ್ಚಿ ಸಿಕ್ಕಿದಂತಾಗಿ ಮೇಷ್ಟ್ರು ಬೆನ್ನು ನೆಟ್ಟಗೆ ಮಾಡಿಕೊಂಡರು.

“ಎಲ್ಲರಿಗೂ ಬಡಿಸಿದೆಯಲ್ಲ, ನೀನು ಯಾಕಮ್ಮ ಉಣ್ಣಲಿಲ್ಲ?”

“ಸಂಕಷ್ಟಿ ಇತ್ರಿ. ಉಪವಾಸ ಇದ್ದೆ.”

“ನೋಡಿದ್ರಾ?” ಎಂದು ಮೇಷ್ಟ್ರು ಸಭೆಯತ್ತ ತಿರುಗಿದರು.

ಅಮ್ಮನ ಪಕ್ಕ ಕೂತಿದ್ದ ಅವರ ಶಿಷ್ಯೆ ಇಂಚರ ಕೈ ಎತ್ತಿದಳು. “ತಾತಾ, ಅವ್ರು ಊಟ ಮಾಡಿದ್ರೆ?”

“ಮಾಡಿಯೂ ಏನೂ ಆಗದಿದ್ರೆ ಅದೂ ಅನುಮಾನವೇ, ಪುಟ್ಟಿ.”

“ಹಾಗಾದ್ರೆ ಆ ನೀರಿನ ಸ್ಟೋರಿ ಥರಾನೇ ಅಲ್ವಾ?”

ಅವಳು ಫುಚ್ಕಾದ ಮಾತೆತ್ತಲಿಲ್ಲ. ಕೊಟ್ಟ ಮಾತನ್ನು ಮಗು ಉಳಿಸಿಕೊಂಡಿತ್ತು, ಮೇಷ್ಟ್ರ ಮುಖವನ್ನಷ್ಟೇ ನೋಡುತ್ತಿತ್ತು. ಮೇಷ್ಟ್ರಿಗೆ ನಾಚಿಕೆಯಿಂದ ಕಿವಿಯೆಲ್ಲ ಬಿಸಿಯಾಯಿತು. ಬಾಯಿ ಮುಚ್ಚಿಕೊಂಡಿದ್ದರೆ ಈ ಕಡತವೂ ಸಲೀಸಾಗಿ ಮುಚ್ಚುತ್ತಿತ್ತು.

“ಊಟಕ್ಕೆ ಮುಂಚೆ ಮಕ್ಕಳಿಗೆ ಫುಚ್ಕಾ ಕೊಡಿಸಿದ್ದು ನಾನು,” ಎಂದರು.

ಸಭೆ ಒಮ್ಮೆ ಕೆಮ್ಮಿತು. ಮಾದಪ್ಪನವರು ನಕ್ಕು ಕೈಯಾಡಿಸಿದರು. “ಅಯ್ಯೋ ಬಿಡಿ ಸಾರ್. ಮಕ್ಕಳ ಹೊಟ್ಟೆ, ಏನೋ ಆಗಿರುತ್ತೆ. ಯಾರದೂ ತಪ್ಪಲ್ಲ.” ಎಲ್ಲರೂ ತಲೆಯಾಡಿಸಿದರು. ಚಂಪಾಳ ಕೆಲಸ ಉಳಿಯಿತು, ಸಭೆಗೆ ಕಾಫಿಯ ನೆನಪೂ ಬಂತು.

ಚಂಪಾ ಕಾಫಿ ತಂದಳು. ಮೇಷ್ಟ್ರ ಮುಂದೆ ಲೋಟ ಇಟ್ಟು, ಮೆಲ್ಲಗೆ ಕೇಳಿದಳು.

“ಸಾಹೇಬ್ರ, ಯಾರದೂ ತಪ್ಪಲ್ಲ ಅನ್ನೋ ಈ ಮಾತು, ನನ್ನ ನಿಂದರಿಸಿ ಕೇಳೋವಾಗ ಯಾರಿಗೂ ಯಾಕ ನೆನಪಾಗಲಿಲ್ರಿ?”