ಜಯದೇವಪ್ಪನವರು ತೋಳು ಚಾಚಿದ್ದು

ಜಾವಳಿಯ ಪರಮೇಶ್ವರಪ್ಪನವರು ಅತ್ತಿಗುಂಡಿಯಿಂದ ಕಾಫಿ ಸಸಿಗಳನ್ನು ತಲೆಹೊರೆಯಲ್ಲಿ ತಂದು ಬೋಳುಗುಡ್ಡವನ್ನು ತೋಟ ಮಾಡಿದ ಗಟ್ಟಿ ಮನುಷ್ಯ. ಅವರ ಮಗ ಕಲ್ಲೇಶಪ್ಪ, ಹಳ್ಳ ಉಕ್ಕಿ ಗದ್ದೆ ಕೊಚ್ಚಿಹೋಗುವಾಗ ಎದೆಮಟ್ಟದ ನೀರಿನಲ್ಲಿ ನಿಂತು ಒಡ್ಡು ಕಟ್ಟಿದವರು. ಅಂಥ ಕಲ್ಲೇಶಪ್ಪನವರು ಕೊನೆಗೆ ಉಚ್ಚೆ ಕಟ್ಟಿ, ಸೊಂಟದ ಮೂಳೆನೋವಿಗೆ ಹಲ್ಲು ಕಚ್ಚಿ ಸತ್ತರು. ವಯಸ್ಸಾಗಿತ್ತು ಅಂದರು ಜನ. ಯಾವ ರೋಗ ಅಂತ ಕೇಳಲು ಯಾರಿಗೂ ಬಾಯಿ ಬರಲಿಲ್ಲ.

ಆ ಕಲ್ಲೇಶಪ್ಪನ ಮಗನೇ ನಮ್ಮ ಜಯದೇವಪ್ಪ. ಈ ಸಲದ ಕೊಯ್ಲಿನಲ್ಲಿ ಅವರು ಗಳಿಗೆಗೊಮ್ಮೆ ಗಿಡದ ಮರೆಗೆ ಹೋಗುತ್ತಿದ್ದರು. ಹೋದರೂ ಬರುತ್ತಿದ್ದುದು ಹನಿ ಹನಿ. ಒಂದು ಸಂಜೆ ಹಣ್ಣು ತೂಗುವಾಗ, ತಕ್ಕಡಿ ಬಿಟ್ಟು ಹೋಗಲಾಗದೆ, ನಿಂತಲ್ಲೇ ಪಂಚೆ ಒದ್ದೆಯಾಯಿತು. ಸರಸರನೆ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಮನೆಯ ನಲ್ಲಿಗೆ ಹೋಗಿ ಸೊಂಟದಿಂದ ಕೆಳಗೆ ನೀರು ಸುರಿದುಕೊಂಡು, "ಹಾಳಾದ್ ನಲ್ಲಿ, ಮೈಮೇಲೆ ಹಾರ್ತು" ಎನ್ನುತ್ತ ಬಂದರು.

ಹಣ್ಣು ಕೊಯ್ಯುವ ರುಕ್ಮಿಣಮ್ಮ ಹತ್ತಿರ ಬಂದು ಮೆಲ್ಲಗೆ ಅಂದಳು: "ನಲ್ಲಿ ಮೇಲೆ ಯಾಕ್ ಹಾಕ್ತೀರಿ ಸಾವ್ಕಾರ್ರೆ? ಹೋದ್ವರ್ಷ ಕ್ಯಾಂಪಲ್ಲಿ ಮೈಕ್ ಹಿಡ್ಕಂಡು, ಹೆಂಗಸ್ರು ನಾಚ್ಕಬಾರ್ದು, ಕ್ಯಾನ್ಸರ್ ಪರೀಕ್ಷೆ ಮಾಡಿಸ್ಕಳಿ ಅಂದ್ರಿ. ನಾವೆಲ್ಲ ಮಾಡಿಸ್ಕಂಡ್ವಿ. ನಿಮಗ್ಯಾರು ಮೈಕ್ ಹಿಡೀಬೇಕು ಮಾರಾಯ್ರೆ?"

ಜಯದೇವಪ್ಪನವರು ತಕ್ಕಡಿಗೆ ಮುಂದಿನ ಚೀಲ ಏರಿಸಿದರು. ರುಕ್ಮಿಣಮ್ಮ ಅಷ್ಟಕ್ಕೇ ಬಿಡದೆ ಅವರ ಸೊಸೆ ರಶ್ಮಿಗೂ ಹೇಳಿಬಿಟ್ಟಳು. ರಶ್ಮಿ ಆರೋಗ್ಯ ಕೇಂದ್ರದಲ್ಲಿ ನರ್ಸು.

"ಮಾವ, ಕ್ಯಾಂಪಲ್ಲಿ ಬಾಯಿ, ಎದೆ, ಗರ್ಭಕೋಶದ ಬಾಯಿ ಇಷ್ಟೇ ಕ್ಯಾನ್ಸರ್ ನೋಡೋದು. ಗಂಡಸ್ರ ಮೂತ್ರಚೀಲದ ಕೆಳಗಿರೋ ಪ್ರಾಸ್ಟೇಟ್ ಗ್ರಂಥಿ ಅದ್ರಲ್ಲಿಲ್ಲ. ತೊಂದ್ರೆ ಇದ್ದೋರು ತಾವೇ ಬಾಯಿ ಬಿಡ್ಬೇಕು. ಈಗ ಬರೀ ರಕ್ತ ಕೊಡಿ. ಕ್ಯಾನ್ಸರ್ ಇದ್ರೂ ಬೇಗ ಸಿಕ್ರೆ ಎಷ್ಟೋ ವರ್ಷ ಬದುಕ್ತಾರೆ. ಮೂಳೆಗೆ ಇಳಿದ್ರೆ ಕಷ್ಟ."

ಮೂಳೆ ಎಂದಕೂಡಲೇ ಅಪ್ಪನ ನರಳಾಟ ಕಿವಿಗೆ ಬಡಿಯಿತು. ಜಯದೇವಪ್ಪನವರು ಸೊಸೆಯ ಮುಖ ನೋಡದೆ, ಗೋಡೆಯ ಕಡೆ ತಿರುಗಿ ತೋಳು ಚಾಚಿದರು.

ರಕ್ತದ ವರದಿಯಲ್ಲಿ ಪ್ರಾಸ್ಟೇಟ್ ತೊಂದರೆ ಸೂಚಿಸುವ ಪಿಎಸ್ಎ ಅಂಶ ಹೆಚ್ಚೇ ಬಂತು. "ಹೆಚ್ಚಿದ್ದ ಮಾತ್ರಕ್ಕೆ ಕ್ಯಾನ್ಸರ್ ಅಂತಲ್ಲ ಮಾವ" ಎಂದಳು ರಶ್ಮಿ. "ಚಿಕ್ಕಮಗಳೂರಲ್ಲಿ ಡಾಕ್ಟ್ರು ಆ ಗ್ರಂಥಿ ಮುಟ್ಟಿ ನೋಡ್ಬೇಕು. ನಾಳೆ ರಜ ಹಾಕಿದೀನಿ. ಕಾರಲ್ಲಿ ನಾನೇ ಕರ್ಕೊಂಡು ಹೋಗ್ತೀನಿ, ನಿಮ್ ಮಗನೂ ಬರ್ತಾರೆ."

ಜಯದೇವಪ್ಪನವರು ಹೆಗಲ ಟವೆಲಿನಿಂದ ಮುಖ ಒರೆಸಿಕೊಂಡರು.

"ಯಾರೂ ಬರದ್ ಬೇಡ ಕಣಮ್ಮ. ಬೆಳಗಿನ ಬಸ್ಸಿಗೆ ನಾನೊಬ್ನೇ ಹೋಗ್ತೀನಿ. ಗುರುತಿಲ್ಲದ ಡಾಕ್ಟ್ರ ಮುಂದೆ ಹೇಗೋ ಕಣ್ಣು ಮುಚ್ಕಂಡು ಪಂಚೆ ಬಿಚ್ತೀನಿ. ನೀನು ಹೊರಗೆ ಬೆಂಚಲ್ಲಿ ಕೂತಿದೀಯ ಅಂತ ಗೊತ್ತಿದ್ರೆ ಅದೂ ಆಗಲ್ಲ ನನ್ ಕೈಲಿ."