ಎರಡು ಬಕೆಟ್ ಮಾವ

ಬೀದಿಯವರೆಲ್ಲ ಅವರನ್ನು 'ಎರಡು ಬಕೆಟ್' ಎಂದೇ ಕರೆಯುತ್ತಿದ್ದರು. ಬೆನ್ನ ಹಿಂದೆ ಮಾತ್ರ. ಎದುರಿಗೆ ಕರೆಯುವ ಧೈರ್ಯ ಯಾರಿಗಿತ್ತು? ಒಂದೇ ಬಕೆಟ್ ಇಟ್ಟುಕೊಂಡು ಕಾರು ತೊಳೆಯುವವರನ್ನು ಕಂಡರೆ ಆ ಮನುಷ್ಯನಿಗೆ ಮೈಯೆಲ್ಲ ಉರಿಯುತ್ತಿತ್ತು. ಎದುರುಮನೆಯವನು ಒಂದು ಬೆಳಿಗ್ಗೆ ಕೆಸರು ನೀರಿನಲ್ಲಿ ಬಟ್ಟೆ ಅದ್ದಿ ಅದ್ದಿ ಹೊಸ ಕಾರು ಒರೆಸುತ್ತಿದ್ದಾಗ, ಇವರು ಹಲ್ಲುಜ್ಜುವ ಬ್ರಷ್ಷನ್ನು ಕೈಯಲ್ಲೇ ಹಿಡಿದುಕೊಂಡು ರಸ್ತೆ ದಾಟಿ ಹೋಗಿ, "ಅದು ತೊಳೆಯೋದಲ್ಲ ಸ್ವಾಮಿ, ಮರಳು ಕಾಗದ ಹಾಕಿ ತಿಕ್ಕೋದು" ಎಂದು ಹೇಳಿ ಬಂದಿದ್ದರು. ಆತ ಮೂರು ತಿಂಗಳು ಮಾತು ಬಿಟ್ಟ. ನಾಲ್ಕನೇ ತಿಂಗಳು ಎರಡನೇ ಬಕೆಟ್ ಕೊಂಡ.

ಸೊಸೆ ಅವರನ್ನು ಮಾವ ಎನ್ನುತ್ತಿದ್ದಳು. ನಾವೂ ಹಾಗೇ ಅನ್ನೋಣ. ಮಾವ ಮೂವತ್ತೊಂದು ವರ್ಷ ಗ್ಯಾರೇಜಿನಲ್ಲಿ ಕಾರುಗಳಿಗೆ ಬಣ್ಣ ಹೊಡೆದವರು. ಕೆಲಸ ಬಿಡುವ ವರ್ಷ, ಗುಜರಿಗೆ ಹೋಗಬೇಕಿದ್ದ ಒಂದು ಕಾರನ್ನು ಮನೆಗೆ ತಂದು, ತುಕ್ಕು ಕೆರೆದು, ತಗ್ಗು ತುಂಬಿ, ಕಡುಗೆಂಪು ಬಣ್ಣ ಹೊಡೆದರು. ಅದೇ ಅವರ ಕೈಯ ಕೊನೆಯ ಕೆಲಸ. ಅಂದಿನಿಂದ ಭಾನುವಾರ ಬೆಳಿಗ್ಗೆ, ಬಿಸಿಲೇರುವ ಮುಂಚೆ, ಗೇಟಿನ ಒಳಗಿನ ನೆರಳಲ್ಲಿ ಅದಕ್ಕೆ ಸ್ನಾನ. ಮೊದಲು ಬರೀ ನೀರು ಹಾಯಿಸಿ ಧೂಳು ಇಳಿಸಬೇಕು. ಆಮೇಲೆ ಒಂದು ಬಕೆಟ್ಟಿನಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಬರೀ ನೀರು. ಬರೀ ನೀರಿನ ಬಕೆಟ್ಟಿನ ತಳದಲ್ಲಿ ತರಕಾರಿ ತೊಳೆಯುವ ತೂತಿನ ಬುಟ್ಟಿಯನ್ನು ಬೋರಲು ಹಾಕಿರುತ್ತಿದ್ದರು. ಕೊಳೆ ಬಟ್ಟೆಯನ್ನು ಅದರಲ್ಲಿ ಜಾಲಿಸಿದರೆ ಮರಳು ತೂತಿನಿಂದ ಇಳಿದು ತಳ ಸೇರುತ್ತದೆ, ಮತ್ತೆ ಮೇಲೇಳುವುದಿಲ್ಲ. ಆ ಬುಟ್ಟಿ ಅತ್ತೆಯ ಅಡುಗೆಮನೆಯಿಂದ ಮಾಯವಾದದ್ದು. "ನೀವು ಕಟ್ಕೊಂಡಿದ್ದು ನನ್ನನ್ನೋ ಆ ಕಾರನ್ನೋ?" ಎಂದು ಅತ್ತೆ ಕೇಳಿದರೆ, "ನಿನ್ನನ್ನೇ ಕಣೇ. ಆದ್ರೆ ಅದು ಬೈಯದೆ ನಿಂತ್ಕೊಂಡಿರುತ್ತೆ ನೋಡು" ಎನ್ನುತ್ತಿದ್ದರು.

ಎಲ್ಲಕ್ಕಿಂತ ದೊಡ್ಡ ಕಟ್ಟಳೆ ಇನ್ನೊಂದಿತ್ತು. ಕೈಜಾರಿ ಕೆಳಗೆ ಬಿದ್ದ ಬಟ್ಟೆ ಕಾರಿಗೆ ವಾಪಸ್ಸು ಬರುವ ಹಾಗಿಲ್ಲ. ಎಷ್ಟೇ ಹೊಸದಿರಲಿ, ನೆಲ ಒರೆಸುವುದಕ್ಕೆ ಹೋಗಬೇಕು. ಒಂದು ಕಣ ಮರಳು ಅಂಟಿಕೊಂಡಿದ್ದರೂ ಸಾಕು, ಬಣ್ಣದ ಮೇಲಿನ ಪದರ ಹಾಳು. ಆ ಪದರ ಒಂದು ಕೂದಲಿನಷ್ಟೂ ದಪ್ಪವಿಲ್ಲ ಎಂದು ಅವರು ಎಷ್ಟು ಸಲ ಹೇಳಿದ್ದರೋ, ಮನೆಯವರಿಗೆಲ್ಲ ಬಾಯಿಪಾಠವಾಗಿತ್ತು.

ಆಮೇಲೆ ಕಣ್ಣು ಹೋಗತೊಡಗಿತು. ಕಣ್ಣಿನ ನರ ಒಣಗುತ್ತಿದೆ, ಇದ್ದಷ್ಟನ್ನು ಉಳಿಸಿಕೊಳ್ಳಬಹುದು, ಹೋದದ್ದು ಬರುವುದಿಲ್ಲ ಎಂದರು ಡಾಕ್ಟರು. ಎರಡು ವರ್ಷದಲ್ಲಿ ಬೆಳಕು ಯಾವುದು ನೆರಳು ಯಾವುದು ಎನ್ನುವಷ್ಟಕ್ಕೆ ಬಂದು ನಿಂತಿತು. ಮಾವ ಕಾರಿನ ಕೀಲಿಯನ್ನು ಮಗನಿಗೆ ಕೊಡಲಿಲ್ಲ. "ಅವನು ಎಮ್ಮೆ ತೊಳೆದ ಹಾಗೆ ತೊಳೀತಾನೆ" ಎಂದು ಸೊಸೆಯ ಕೈಗೆ ಕೊಟ್ಟರು. ತೊಳೆಯುವ ಕೆಲಸವನ್ನು ಮಾತ್ರ ಯಾರಿಗೂ ಕೊಡಲಿಲ್ಲ. ಕಾರಿನ ಒಂದೊಂದು ಅಂಚೂ ಅವರ ಕೈಗೆ ಗೊತ್ತಿತ್ತು. ತೊಳೆದು ಒರೆಸಿದ ಮೇಲೆ ಬಲಗೈಗೆ ತೆಳುವಾದ ಬ್ರೆಡ್ ಕವರು ಹಾಕಿಕೊಂಡು ಬಣ್ಣದ ಮೇಲೆ ಮೆಲ್ಲಗೆ ಸವರುತ್ತಿದ್ದರು. ಬರಿಗೈಗೆ ನುಣುಪು ಅನ್ನಿಸಿದ್ದು ಕವರಿನ ಒಳಗಿನ ಬೆರಳಿಗೆ ತರಿತರಿ ಅನ್ನಿಸುತ್ತದೆ. ಪೇಂಟರುಗಳ ಹಳೆಯ ಉಪಾಯ ಅದು. ಕಣ್ಣಿದ್ದವರಿಗೂ ಕಾಣದ ಕೊಳೆಯನ್ನು ಅವರು ಹಾಗೆ ಹಿಡಿಯುತ್ತಿದ್ದರು.

ಆ ಬ್ರೆಡ್ ಕವರಿನ ಋಣ ಸೊಸೆಯ ಮೇಲೂ ಇತ್ತು. ಅವಳದು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ. ಬೆಳಿಗ್ಗೆ ಬೆಳಿಗ್ಗೆ ಮನೆ ಮನೆಗೆ ಹೋಗಿ, ಖಾಲಿ ಹೊಟ್ಟೆಯಲ್ಲಿ ಕಾಯುತ್ತಿರುವವರ ರಕ್ತ ತೆಗೆದುಕೊಂಡು ಬರಬೇಕು. ಸೇರಿದ ಹೊಸದರಲ್ಲಿ ಒಬ್ಬ ಮುದುಕಿಯ ಕೈಗೆ ನಾಲ್ಕು ಸಲ ಚುಚ್ಚಿದರೂ ನರ ಸಿಗದೆ, ಮನೆಗೆ ಬಂದು ಬಚ್ಚಲಿನಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಿದ್ದಳು. ಮಾವ ಕಾರಿನ ಹತ್ತಿರ ಕರೆದು, ಕೈಗೆ ಕವರು ಹಾಕಿ, "ಕಣ್ಣು ಮುಚ್ಕೋ. ಬಾಗಿಲ ಮೇಲೆ ಎಲ್ಲೋ ಒಂದು ಕಣ ಇದೆ, ಹುಡುಕು" ಎಂದರು. ಅರ್ಧ ಗಂಟೆ ಹುಡುಕಿದಳು. ಮರುದಿನವೂ, ಅದರ ಮರುದಿನವೂ. "ಒತ್ತಬೇಡಮ್ಮ. ಒತ್ತಿದ್ರೆ ನಿನ್ನ ಬೆರಳಷ್ಟೇ ನಿಂಗೆ ಗೊತ್ತಾಗುತ್ತೆ. ಸುಮ್ನೆ ಇಡು, ಅದೇ ಹೇಳುತ್ತೆ." ತಿಂಗಳು ಕಳೆಯುವಷ್ಟರಲ್ಲಿ ಯಾರ ಕೈ ಹಿಡಿದರೂ ನರ ಬೆರಳಿಗೆ ತಾನಾಗಿ ಸಿಗತೊಡಗಿತು. ಈಗ ಲ್ಯಾಬಿನಲ್ಲಿ ಕಷ್ಟದ ಕೈಗಳಿಗೆಲ್ಲ ಅವಳನ್ನೇ ಕಳಿಸುತ್ತಾರೆ. ತವರಲ್ಲಿ ಅಪ್ಪ ಕಲಿಸದ್ದನ್ನು ಈ ಮನುಷ್ಯ ಕಲಿಸಿದರು ಎಂದು ಅವಳು ಗಂಡನ ಹತ್ತಿರ ಎಷ್ಟೋ ಸಲ ಹೇಳಿದ್ದಳು.

ಇಂಥವಳು ಮಾಡಿದ ಕೆಲಸ ಕೇಳಿ.

ಒಂದು ಬುಧವಾರ ಬೆಳಿಗ್ಗೆ ಹೊರಡುವಾಗ ನೋಡಿದರೆ ಬಾನೆಟ್ಟಿನ ನಡುಮಧ್ಯೆ ಹಕ್ಕಿಯ ಹಿಕ್ಕೆ, ಒಣಗಿ ಗಟ್ಟಿಯಾಗಿತ್ತು. ಬಿಸಿಲಿಗೆ ಬಿಟ್ಟರೆ ಬಣ್ಣವನ್ನೇ ತಿನ್ನುತ್ತದೆ. ಒದ್ದೆ ಬಟ್ಟೆ ಹೊದಿಸಿ ಹತ್ತು ನಿಮಿಷ ಬಿಡಬೇಕು, ನೆನೆದ ಮೇಲೆ ಮೆಲ್ಲಗೆ ಎತ್ತಬೇಕು. ಅವಳಿಗೆ ಗೊತ್ತಿರಲಿಲ್ಲವೇ? ನಿದ್ದೆಗಣ್ಣಲ್ಲಿ ಕೇಳಿದರೂ ಹೇಳುತ್ತಿದ್ದಳು. ಆದರೆ ಹತ್ತು ನಿಮಿಷ ಎಲ್ಲಿಂದ ತರುವುದು? ಅಡುಗೆಮನೆಗೆ ಓಡಿ, ಪಾತ್ರೆ ಉಜ್ಜುವ ಹಸಿರು ನಾರಿಗೆ ಪಾತ್ರೆ ಸೋಪು ಹಾಕಿಕೊಂಡು ಬಂದು, ತಳ ಹಿಡಿದ ಪಾತ್ರೆ ಉಜ್ಜುವ ಹಾಗೆ ಉಜ್ಜಿಬಿಟ್ಟಳು. ನೀರು ಹಾಕಿದಾಗ ಹಿಕ್ಕೆ ಹೋಗಿತ್ತು. ಅದರ ಜಾಗದಲ್ಲಿ ಅಂಗೈಯಗಲ ಮಬ್ಬು, ಹತ್ತಿರ ಬಗ್ಗಿದರೆ ಗೀರಿನ ಮೇಲೆ ಗೀರು. ಸಂಜೆ ಬಂದವಳೇ ಮಾವನ ವ್ಯಾಕ್ಸ್ ಡಬ್ಬಿ ತೆಗೆದು, ಗೀರೆಲ್ಲ ಮುಚ್ಚಿಹೋಗುವ ಹಾಗೆ ದಪ್ಪಗೆ ಬಳಿದಳು. ಒಂದು ಒಳ್ಳೆಯ ಹೊತ್ತು ನೋಡಿ ಹೇಳಿದರಾಯಿತು ಅಂದುಕೊಂಡಳು. ಒಳ್ಳೆಯ ಹೊತ್ತು ತಾನಾಗಿ ಬರುತ್ತದೆಯೇ?

ಎರಡು ಭಾನುವಾರ ವ್ಯಾಕ್ಸ್ ಅವಳ ಮಾನ ಉಳಿಸಿತು. ಮೂರನೆಯದರ ಹೊತ್ತಿಗೆ ತೊಳೆದು ತೊಳೆದು ಕರಗಿಹೋಗಿತ್ತು. ಮಾವನ ಕವರು ಹಾಕಿದ ಕೈ ಬಾನೆಟ್ಟಿನ ನಡುವೆ ನಿಂತಿತು. ಹಿಂದೆ ಹೋಯಿತು, ಮುಂದೆ ಬಂತು. ಸೊಸೆ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಮಾವ ಬೈಯಲಿಲ್ಲ, ಕೂಗಲಿಲ್ಲ. ಕವರು ತೆಗೆದು, ಮಡಿಸಿ ಜೇಬಿಗಿಟ್ಟುಕೊಂಡು, ಗೋಡೆ ಹಿಡಿದು ಒಳಗೆ ಬಂದರು.

ಕಾಫಿ ಕುಡಿಯುವಾಗ ಮಗನಿಗೆ ಹೇಳಿದರು. "ಕಾರು ಕೊಟ್ಬಿಡೋಣ ಕಣೋ. ಯಾರಾದ್ರೂ ಇದ್ರೆ ನೋಡು."

"ಯಾಕಪ್ಪ, ಏನಾಯ್ತು?"

"ನಂದೇ ತಪ್ಪು. ಯಾವತ್ತೋ ಬಟ್ಟೆ ಕೆಳಗೆ ಬಿದ್ದಿದೆ, ನಂಗೆ ಗೊತ್ತಾಗಿಲ್ಲ. ಅದ್ರಲ್ಲೇ ಉಜ್ಜಿದ್ದೀನಿ. ಕಣ್ಣು ಹೋದ್ರೂ ಕೈ ಇದೆಯಲ್ಲ ಅಂದ್ಕೊಂಡಿದ್ದೆ. ಕೈಯೂ ಹೋಯ್ತು."

ಸೊಸೆ ತಿಂಡಿ ತಟ್ಟೆಗಳನ್ನು ಒಟ್ಟುಮಾಡತೊಡಗಿದಳು. ಅತ್ತೆ ಕಾಫಿ ಲೋಟ ಎತ್ತಿಕೊಂಡು ಹೋದರು.

ಆ ವಾರವಿಡೀ ಮಾವ ಗೇಟಿನ ಕಡೆ ಹೋಗಲಿಲ್ಲ. ಸ್ವಂತ ಕೈಯ ಮೇಲೆ ನಂಬಿಕೆ ಹೋದವರ ಹಾಗೆ, ಲೋಟ ಹಿಡಿಯುವುದಕ್ಕೂ ಎರಡೂ ಕೈ ಚಾಚುತ್ತಿದ್ದರು. ಊಟಕ್ಕೆ ಕೂತರೆ ಅತ್ತೆ ತಟ್ಟೆಯಲ್ಲಿ ಏನೆಲ್ಲಿದೆ ಎಂದು ಹೇಳಬೇಕಾಯಿತು. ಮುಂಚೆ ಯಾರಾದರೂ ಹಾಗೆ ಹೇಳಿದ್ದರೆ ರೇಗುತ್ತಿದ್ದರು. ಸೊಸೆ ದಿನಾ ಬೆಳಿಗ್ಗೆ ಅದೇ ಕಾರು ಓಡಿಸಿಕೊಂಡು ಹೋಗುತ್ತಿದ್ದಳು. ಯಾರದೋ ಮೊಣಕೈ ಸಂದಿಯಲ್ಲಿ ಬೆರಳಿಟ್ಟು ನರ ಹುಡುಕುವಾಗ, ಈ ಬೆರಳಿಗೆ ಬುದ್ಧಿ ಕೊಟ್ಟವರ ಬೆರಳನ್ನು ನಾನೇ ಮುರಿದೆನಲ್ಲ ಎಂದುಕೊಳ್ಳುತ್ತಿದ್ದಳು. ಒಂದು ಮಾತು ಹೇಳಿದರೆ ಅವರ ಕೈ ಅವರಿಗೆ ವಾಪಸ್ಸು. ಆದರೆ ಆ ಮಾತಿನ ಜೊತೆ, ಮಗನಿಗೂ ಕೊಡದೆ ತನಗೆ ಕೊಟ್ಟ ಕೀಲಿ ಹೋಗುತ್ತದೆ, ಮಾವನ ಕಣ್ಣಲ್ಲಿ ತಾನೂ ಎಮ್ಮೆ ತೊಳೆಯುವವಳಾಗುತ್ತಾಳೆ.

ಶನಿವಾರ ಬೆಳಿಗ್ಗೆ ಅವಳು ಕೆಲಸ ಮುಗಿಸಿ ಬಂದು ಕಾರು ನಿಲ್ಲಿಸುತ್ತಿರುವಾಗ, ಮಾವ ಎರಡೂ ಕೈಯಲ್ಲಿ ಒಂದೊಂದು ಬಕೆಟ್ ಹಿಡಿದುಕೊಂಡು ಗೇಟಿನ ಹತ್ತಿರ ನಿಂತಿದ್ದರು. ಒಂದರೊಳಗೆ ಬಟ್ಟೆಗಳು, ಶಾಂಪೂ, ವ್ಯಾಕ್ಸ್ ಡಬ್ಬಿ. ಇನ್ನೊಂದರೊಳಗೆ ಆ ತೂತಿನ ಬುಟ್ಟಿ.

"ಎಲ್ಲಿಗೆ ಹೊರಟ್ರಿ ಮಾವ?"

"ಎದುರುಮನೆಗೆ. ಅವನಿಗಾದ್ರೂ ಉಪಯೋಗಕ್ಕೆ ಬರ್ಲಿ. ರಸ್ತೆ ಖಾಲಿ ಇದೆಯಾ ನೋಡು."

ಅವಳು ಗೇಟಿಗೆ ಅಡ್ಡ ನಿಂತಳು. "ಮಾವ, ಅದು ನಾನು ಮಾಡಿದ್ದು."

"ಏನು?"

"ಬಾನೆಟ್ ಮೇಲಿನ ಗೀರು. ಹಕ್ಕಿ ಗಲೀಜು ಮಾಡಿತ್ತು. ಹೊತ್ತಾಗಿತ್ತು. ನಾನೇ ಉಜ್ಜಿದೆ. ಆಮೇಲೆ ವ್ಯಾಕ್ಸ್ ಬಳಿದು ಮುಚ್ಚಿಟ್ಟೆ."

"ಯಾತರಲ್ಲಿ ಉಜ್ಜಿದೆ?"

"ಪಾತ್ರೆ ನಾರಲ್ಲಿ."

"ಹಸಿರುದಾ?"

"ಹಸಿರುದೇ."

ಬಕೆಟ್ಟುಗಳು ಕೆಳಗಿಳಿದವು. ಮಾವ ಗೇಟಿನ ಪಕ್ಕದ ಕಟ್ಟೆಯ ಮೇಲೆ ಕೂತರು. "ಹಾಗಾದ್ರೆ ನಾನಲ್ಲ" ಎಂದರು.

"ನೀವಲ್ಲ ಮಾವ."

"ಬಟ್ಟೆ ಬಿದ್ದಿರ್ಲಿಲ್ಲ."

"ಇಲ್ಲ ಮಾವ. ನೀವು ಒಂದ್ಸಲಾನೂ ಬೀಳಿಸಿಲ್ಲ. ನಿಮ್ಮ ಕೈಗೆ ಸಿಕ್ಕಿದ್ದು ನಿಜವಾದ ಗೀರು. ನನ್ನ ಗೀರು."

ಅವರು ತಮ್ಮ ಎರಡೂ ಅಂಗೈಗಳನ್ನು ಒಂದಕ್ಕೊಂದು ಉಜ್ಜಿಕೊಂಡರು, ನಿಧಾನವಾಗಿ, ಕಳೆದುಹೋದದ್ದು ಸಿಕ್ಕಿತೋ ಎಂಬಂತೆ. ಆಮೇಲೆ ಶುರುವಾಯಿತು ನೋಡಿ. ಮೂವತ್ತೊಂದು ವರ್ಷ ಗ್ಯಾರೇಜಿನಲ್ಲಿ ಕೂಡಿಟ್ಟಿದ್ದ ಬೈಗುಳವೆಲ್ಲ ಹೊರಬಂತು. ಕಾರೇನು ಕರಿಹಿಡಿದ ಬಾಣಲೆಯಾ? ಹತ್ತು ನಿಮಿಷಕ್ಕೆ ಯಾರ ರಕ್ತ ಹೆಪ್ಪುಗಟ್ಟಿ ಹೋಗ್ತಿತ್ತು? ಒಂದು ವಾರ ಬಾಯಿಗೆ ಬೀಗ ಹಾಕ್ಕೊಂಡಿದ್ದೆಯಾ? ಎದುರುಮನೆಯವನು ಕಿಟಕಿಗೆ ಬಂದು ಇಣುಕಿ, ಪರದೆ ಎಳೆದುಕೊಂಡ. ಸೊಸೆ ನಿಂತು ಎಲ್ಲವನ್ನೂ ಕೇಳಿಸಿಕೊಂಡಳು. ಅಳುತ್ತಲೂ ಇದ್ದಳು, ನಗುತ್ತಲೂ ಇದ್ದಳು. ಮಾವ ಹೀಗೆ ದನಿಯೆತ್ತಿ ಒಂದು ವಾರವಾಗಿತ್ತು.

ಬೈದು ಸಾಕಾದ ಮೇಲೆ ಮಾವ ತಗ್ಗಿದ ದನಿಯಲ್ಲಿ, "ಹೇಳಿದ್ಯಲ್ಲ. ದೊಡ್ಡ ಉಪಕಾರ ಆಯ್ತು ಕಣಮ್ಮ" ಎಂದರು. ಅವಳು ಕಾರಿನ ಕೀಲಿಯನ್ನು ಅವರ ಅಂಗೈಯಲ್ಲಿಟ್ಟಳು. ಅವರು ಅದನ್ನು ಮುಟ್ಟಿ ನೋಡಿ, ಅವಳ ಕೈಗೇ ಹಿಂದಿರುಗಿಸಿದರು. "ಇದನ್ನ ಯಾಕೆ ಕೊಡ್ತೀಯಾ? ಪಾಲಿಶ್ ಡಬ್ಬಿ ತಗೊಂಡು ಬಾ."

ಮಧ್ಯಾಹ್ನದವರೆಗೆ ಇಬ್ಬರೂ ಬಾನೆಟ್ಟಿನ ಮೇಲೆ ಬಗ್ಗಿದ್ದರು. ಒಂದು ಹೆಸರುಕಾಳಿನಷ್ಟು ಪಾಲಿಶ್, ಮೆತ್ತನೆ ಬಟ್ಟೆ. ಮಾವನ ಕೈ, ಸೊಸೆಯ ಕಣ್ಣು. ಮಬ್ಬು ಅಂಚಿನಿಂದ ಒಳಗೆ ಸರಿಯುತ್ತಾ ಬಂತು. ಅವಳು ಎಡಕ್ಕೆ ಅಂದರೆ ಎಡಕ್ಕೆ, ಇನ್ನೂ ಇದೆ ಅಂದರೆ ಇನ್ನೊಂದು ಸುತ್ತು. ಅತ್ತೆ ಊಟಕ್ಕೆ ಎರಡು ಸಲ ಕೂಗಿ, ಮೂರನೇ ಸಲ ತಾವೇ ಬಂದು ಪಕ್ಕದಲ್ಲಿ ಕೂತರು.

"ಸಾಕು, ನಿಲ್ಲಿಸೋಣ" ಎಂದರು ಮಾವ.

"ಹೆಬ್ಬೆರಳಿನ ಉಗುರಿನಷ್ಟು ಇನ್ನೂ ಇದೆ ಮಾವ. ಹತ್ತು ನಿಮಿಷದ ಕೆಲಸ."

"ಅದು ಇರ್ಲಿ ಬಿಡು. ಭಾನುವಾರ ಭಾನುವಾರ ಹುಡುಕ್ತೀನಿ. ಅದು ಸಿಗ್ತಾ ಇರೋವರೆಗೂ ಕೈ ಸರಿಯಿದೆ ಅಂತ ನಂಗೆ ಗೊತ್ತಾಗುತ್ತೆ. ಸಿಗದೇ ಹೋದ ದಿನ ನೀನೇ ಹೇಳ್ಬೇಕು. ಸುಳ್ಳು ಹೇಳ್ಬಾರ್ದು."

"ಸುಳ್ಳು ಹೇಳಲ್ಲ ಮಾವ."

ಇದಾಗಿ ಎರಡು ವರ್ಷ. ಕಾರು ಮನೆಯಲ್ಲೇ ಇದೆ. ಭಾನುವಾರ ತೊಳೆದು ಒರೆಸಿದ ಮೇಲೆ ಮಾವ ಕವರು ಹಾಕಿಕೊಂಡು ಬಾನೆಟ್ಟಿನ ಮೇಲೆ ಕೈಯಿಡುತ್ತಾರೆ, ಸೊಸೆ ಪಕ್ಕದಲ್ಲಿ ನಿಲ್ಲುತ್ತಾಳೆ. ಕಳೆದ ವಾರ ಸ್ವಲ್ಪ ಹೊತ್ತು ಹಿಡಿಯಿತು. ಬೆರಳುಗಳು ಗೀರಿನ ಪಕ್ಕದಲ್ಲೇ ಹಾದು ಹೋದವು, ಒಂದು ಸಲ, ಇನ್ನೊಂದು ಸಲ. ಆ ಕೈ ಹಿಡಿದು ಅಲ್ಲಿಗೆ ಒಯ್ದು ಇಡಬೇಕೆಂದು ಅವಳಿಗೆ ಜೀವ ಚಡಪಡಿಸಿತು. ಅವಳು ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಳು. ಮೂರನೇ ಸಲ ಬೆರಳು ನಿಂತಿತು.

"ಇಲ್ಲಿದೆ" ಎಂದರು ಮಾವ.

"ಹೌದು ಮಾವ" ಎಂದಳು ಅವಳು. "ಅದೇ."